ಗಂಗಮ್ಮಜ್ಜಿ ತಿದ್ದಿದ ಗೋದಲಿ

ಎರಡನೇ ಬಹುಮಾನದಷ್ಟು ಹೊಟ್ಟೆ ಉರಿಸುವ ವಸ್ತು ಇನ್ನೊಂದಿಲ್ಲ. ಏನೂ ಬರದಿದ್ದರೆ ತೀರ್ಪುಗಾರರಿಗೆ ಕಣ್ಣಿಲ್ಲವೆಂದು ಬೈದುಕೊಂಡು ಹಾಯಾಗಿ ಉಣ್ಣಬಹುದು. ಎರಡನೆಯದು ಬಂದರೆ ಹಾಗಲ್ಲ. ಕಣ್ಣಿದೆ, ನೋಡಿದ್ದಾರೆ, ನೋಡಿಯೂ ಇನ್ನೊಬ್ಬನಿಗೆ ಕೊಟ್ಟಿದ್ದಾರೆ! ಕ್ರಿಸ್‌ಮಸ್ ಹಬ್ಬಕ್ಕೆ ನಮ್ಮವರ ಮನೆಗಳಲ್ಲಿ ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ಕಟ್ಟುತ್ತೇವಲ್ಲ, ಆ ಗೋದಲಿಗಳನ್ನು ಚರ್ಚಿನ ಫಾದರ್ ಜೀಪಿನಲ್ಲಿ ಊರೂರಿಗೆ ಬಂದು ನೋಡಿ ಬಹುಮಾನ ಕೊಡುವ ಸ್ಪರ್ಧೆಯಲ್ಲಿ ನನಗೆ ಸತತ ನಾಲ್ಕು ವರ್ಷ ಎರಡನೆಯದೇ ಗತಿ. ಮೊದಲನೆಯದು ಹರಪನಹಳ್ಳಿಯಲ್ಲಿರುವ ನನ್ನ ಷಡ್ಡಕನಿಗೆ. ಅವನ ಗೋದಲಿಯಲ್ಲಿ ಕಾರಂಜಿ ಚಿಮ್ಮುತ್ತದೆ, ದೇವದೂತರು ಗರಗರ ತಿರುಗುತ್ತಾರೆ. ಬೇತ್ಲೆಹೇಮಿನಲ್ಲಿ ಕಾರಂಜಿ ಎಲ್ಲಿತ್ತಪ್ಪಾ ಎಂದು ಕೇಳುವವರೇ ಇಲ್ಲ. ಮೇಲೆ ಫೋನು ಬೇರೆ ಮಾಡುತ್ತಾನೆ: “ಅಣ್ಣಾ, ನಿಮ್ದೂ ಚೆನ್ನಾಗೇ ಬಂದಿತ್ತಂತೆ!”

ಈ ವರ್ಷ ಹಟ ಹಿಡಿದೆ. ಹೈಸ್ಕೂಲಿನ ಗುಮಾಸ್ತಿಕೆಗೆ ನಾಲ್ಕು ದಿನ ರಜೆ ಹಾಕಿ, ಹೊಸಹಳ್ಳಿಯ ಕೆರೆಯಿಂದ ಮಣ್ಣು ತಂದು, ಎಲ್ಲವನ್ನೂ ಕೈಯಾರೆ ಮಾಡಿದೆ. ಜೋಳದ ಸೊಪ್ಪೆಯ ಮಾಡು, ಹಡಗಲಿ ಮಲ್ಲಿಗೆಯ ತೋರಣ. ಎತ್ತು ಸೊಗಸಾಗಿ ಬಂತು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮಕ್ಕಳೊಂದಿಗೆ ಕೂತು ಎತ್ತು ಮಾಡಿದ ಕೈ ಇದು. ಏನು ಮಾಡುವುದು, ಕತ್ತೆಯೂ ಎತ್ತಿನಂತೆಯೇ ಬಂತು. ಕಿವಿ ಎಳೆದು ಉದ್ದ ಮಾಡಿದೆ. ಕೂಸನ್ನು ನೋಡಲು ಮೂವರು ರಾಜರು ಮೂಡಣದಿಂದ ಬಂದರೆಂದು ಪ್ರತೀತಿ. ನಮ್ಮೂರಿನ ಮೂಡಣಕ್ಕೆ ಆಂಧ್ರದ ಗಡಿ. ಹೀಗಾಗಿ ಮೂವರಿಗೂ ಪಂಚೆ ಉಡಿಸಿ, ಹೆಗಲಿಗೆ ಟವೆಲು ಹಾಕಿ, ಹುರಿ ಮೀಸೆ ತೀಡಿದೆ. ತಾಯಿ ಮರಿಯಮ್ಮನವರು, ಅವರ ಗಂಡ ಜೋಸೆಫರು, ಬಾಲಯೇಸು, ಕಂಬಳಿ ಹೊದ್ದ ಕುರುಬರು ಎಲ್ಲ ಸಿದ್ಧವಾದಾಗ ಷಡ್ಡಕನ ಮುಖ ಕಪ್ಪಿಡುವುದು ನನ್ನ ಕಣ್ಣಿಗೆ ಕಟ್ಟಿತು. ಹಬ್ಬದ ಹೊತ್ತಿನಲ್ಲಿ ಹೀಗೆ ಯೋಚಿಸಬಾರದು, ನಿಜ. ಆದರೆ ಯೋಚಿಸಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಹಣೆತುಂಬ ವಿಭೂತಿಯ ಗಂಗಮ್ಮಜ್ಜಿ ಮಜ್ಜಿಗೆ ಕೇಳಿಕೊಂಡು ಬಂದಳು. ನಮ್ಮ ಓಣಿಯ ಮುಕ್ಕಾಲು ಪಾಲು ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದವಳು ಈಕೆ. ಬಾಣಂತಿಯಿರುವ ಮನೆಯಲ್ಲಿ ಈಕೆಯ ಮಾತೇ ಕಾನೂನು. ಗೋದಲಿಯ ಮುಂದೆ ಬಗ್ಗಿ ನೋಡಿದವಳು ನೆಟ್ಟಗೆ ನಿಂತಳು.

“ಇದೇನ್ಲೇ ಅಂತೋಣೆಪ್ಪ! ಹಡದಾಕಿ ಸುತ್ತ ಬರೇ ಗಂಡಸರ ಅದಾರಲ್ಲ. ಆಕಿ ಅವ್ವ ಎಲ್ಲಿ?”

“ಅವ್ರು ಪರಊರಿಗೆ ಹೋಗಿದ್ರಜ್ಜಿ. ಛತ್ರದಾಗ ಜಾಗ ಸಿಗಲಿಲ್ಲ, ಕೊಟ್ಟಿಗ್ಯಾಗ ಹೆರಿಗಿ ಆತು.”

“ಜಾಗ ಇರಲಿಲ್ಲ, ಹೋಗ್ಲಿ. ಆ ಊರಾಗ ಹೆಂಗಸರೂ ಇರಲಿಲ್ಲೇನು?”

“ಬೈಬಲ್‌ನ್ಯಾಗ ಬರದಿಲ್ಲಜ್ಜಿ.”

“ಬರದಾತ ಗಂಡಸ ಇರಬೇಕು ಬಿಡು,” ಎಂದವಳೇ ಮಜ್ಜಿಗೆಗೆ ಒಳಗೆ ನನ್ನ ಹೆಂಡತಿ ಫಿಲೋಮಿನಾಳ ಹತ್ತಿರ ಹೋದಳು. ನಾನು ಬಣ್ಣದ ದೀಪದ ಸರ ತರಲು ಕೂಡ್ಲಿಗಿಯ ಬಸ್ಸು ಹತ್ತಿದೆ. ಅದೇ ನಾನು ಮಾಡಿದ ತಪ್ಪು.

ನಾಲ್ಕು ಗಂಟೆಗೆ ಬಂದು ನೋಡುತ್ತೇನೆ, ದೇವರೇ! ಉಳಿದ ಮಣ್ಣಿನಲ್ಲಿ ಐದಾರು ಹೆಂಗಸರು ಮೈದಳೆದು ಕೊಟ್ಟಿಗೆ ತುಂಬಿದ್ದಾರೆ. ಒಬ್ಬಳು ಅಗ್ಗಿಷ್ಟಿಕೆಯ ಕೆಂಡ ಊದುತ್ತಿದ್ದಾಳೆ, ಒಬ್ಬಳು ಬಾಣಂತಿಗೆಂದು ಅಂಟಿನುಂಡೆ ಕಟ್ಟುತ್ತಿದ್ದಾಳೆ. ಬಾಲಯೇಸುವಿನ ತಲೆಗೆ ಕುಲಾಯಿ. ಮರಿಯಮ್ಮನವರ ತಲೆಗೆ ಬಿಗಿಯಾಗಿ ಬಟ್ಟೆ, ಎರಡೂ ಕಿವಿಗೆ ಹತ್ತಿ. ರಾಜರು ಅಂಗಳದಲ್ಲಿ ಸಾಲಾಗಿ ಕಾಯುತ್ತಿದ್ದಾರೆ. ಜೋಸೆಫರಂತೂ ಹೊರಗೆ ಒಲೆಯ ಮುಂದೆ. ಪಕ್ಕದಲ್ಲೇ ಗಂಗಮ್ಮಜ್ಜಿ, ಫಿಲೋಮಿನಾ ಇಬ್ಬರೂ ಮಣ್ಣಾದ ಕೈ ತೊಳೆಯುತ್ತಿದ್ದಾರೆ.

“ಫಿಲೋಮಿನಾ! ಈಗ ಫಾದರ್ ಬರ್ತಾರ! ನನ್ನ ಬಹುಮಾನಕ್ಕ ಮಣ್ಣು ಹಾಕಿದ್ರಲ್ಲ!” ಎಂದು ಕೂಗಿ ಜೋಸೆಫರನ್ನಾದರೂ ಒಳಗೆ ಸೇರಿಸೋಣವೆಂದು ಕೈ ಹಾಕಿದೆ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು.

ಫಾದರ್ ಬಗ್ಗಿ ಒಂದೊಂದೇ ಗೊಂಬೆಯನ್ನು ನೋಡಿದರು. “ಜೋಸೆಫರನ್ನ ಯಾಕೆ ಹೊರಗೆ ನಿಲ್ಲಿಸಿದ್ದೀರಿ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮಜ್ಜಿ, “ನೀರು ಕಾಸಾಕ್ರೀ ಸ್ವಾಮ್ಯಾರ. ಬಾಣಂತಿ ಖೋಲ್ಯಾಗ ಗಂಡಸರಿಗೇನ್ ಕೆಲಸ ಐತ್ರಿ?” ಎಂದಳು.

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟು ವರ್ಷ ಈ ಹಬ್ಬದ ಪ್ರವಚನ ಮಾಡಿದ್ದೀನಮ್ಮ. ಆ ತಾಯಿಗೆ ಚಳಿ ಆಗಿರಬೇಕು ಅಂತ ಒಂದು ಸಲಾನೂ ಹೊಳೀಲಿಲ್ಲ,” ಎಂದರು. ಗಂಗಮ್ಮಜ್ಜಿ ಅವರ ಕೈಗೆ ನಿಜವಾದ ಅಂಟಿನುಂಡೆಯನ್ನೇ ಇಟ್ಟಳು. ಆಗ, ಸುಳ್ಳೇಕೆ ಹೇಳಲಿ, ನಾನೂ ಬಗ್ಗಿ ಜೋಸೆಫರ ಒಲೆಗೆ ಎರಡು ಕಡ್ಡಿ ಇಟ್ಟೆ.

ಹಬ್ಬದ ಪೂಜೆ ಮುಗಿದ ಮೇಲೆ ಮೊದಲ ಬಹುಮಾನ ನಮ್ಮ ಮನೆಗೆ ಬಂತು. ಮನೆ ಮುಟ್ಟುತ್ತಲೇ ಷಡ್ಡಕನ ಫೋನು. “ಅಣ್ಣಾ, ಎಂಥ ಐಡಿಯಾ ನಿಮ್ದು! ಅದು ಹೆಂಗೆ ಹೊಳೀತು?”

“ಬಾಣಂತಿಯರ ಕಷ್ಟ ನನಗ ಮೊದಲಿಂದಾನೂ ಗೊತ್ತಲ್ಲೋ,” ಎಂದೆ ಗಂಭೀರವಾಗಿ.

ಅಡುಗೆಮನೆಯಿಂದ ಫಿಲೋಮಿನಾಳ ದನಿ ಬಂತು. “ಹೌದೌದು! ನಮ್ಮ ಮಗಳು ಹುಟ್ಟಿದ ದಿನ ನೀವು ಎಲ್ಲಿದ್ರಿ? ಚರ್ಚಿನ್ಯಾಗ ಗೋದಲಿಗೆ ಹುಲ್ಲು ಹೊದಸಾಕ್ಹತ್ತಿದ್ರಿ. ನನ್ನ ಕೈ ಹಿಡಕೊಂಡು ಕುಂತಾಕಿ ಗಂಗಮ್ಮಜ್ಜಿ!”

“ಅಕ್ಕ ಏನೋ ಅಂದ್ರಲ್ಲ ಅಣ್ಣಾ?” ಎಂದ ಷಡ್ಡಕ.

“ಏನಿಲ್ಲಪ್ಪ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ,” ಎಂದು ಫೋನು ಇಟ್ಟೆ.