ಸುರಕ್ಷಾ ಸಮಿತಿಯ ಪೋಂ ಪೋಂ

ಮನೆಯಲ್ಲಿ ಮಾತು ನಡೆಯದ ಗಂಡಸರೇ ಊರಿನ ಸಮಿತಿಗಳಿಗೆ ಅಧ್ಯಕ್ಷರಾಗುತ್ತಾರೆ ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಈ ಸಿದ್ಧಾಂತವನ್ನು ಅವಳು ನನ್ನನ್ನು ನೋಡಿಯೇ ಕಟ್ಟಿದ್ದರಿಂದ ಅದಕ್ಕೆ ವಿರುದ್ಧವಾದ ಉದಾಹರಣೆ ಒದಗಿಸಲು ನನ್ನಿಂದ ಆಗಿಲ್ಲ. ನಿವೃತ್ತನಾಗುವವರೆಗೆ ನಾನು ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಮ್ಯಾನೇಜರನಾಗಿದ್ದೆ. ಅಂಕೋಲೆಯಿಂದ ದಿನಾ ಬೆಳಗಿನ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಅಲ್ಲಿ ನಾನು ಕೆಮ್ಮಿದರೆ ಗುಮಾಸ್ತರು ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಕೆಮ್ಮಿದರೆ ಕಷಾಯ ಕೊಡುತ್ತಾರೆ. ಈಗ ಆ ಬಸ್ಸನ್ನು ನನ್ನ ಹೆಂಡತಿ ಹಿಡಿಯುತ್ತಾಳೆ. ಅವಳು ಕಾರವಾರದ ಶಾಲೆಯೊಂದರಲ್ಲಿ ಟೀಚರು, ಸೇವೆ ಇನ್ನೂ ಬಾಕಿಯಿದೆ. ಹಾಗಾಗಿ ಹಗಲಿಡೀ ಮನೆಯಲ್ಲಿರುವವರು ನಾನು, ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹಾಸಿಗೆ ಹಿಡಿದಿರುವ ನನ್ನ ತಾಯಿ ಅಂದರೆ ಆಯಿ, ಮತ್ತು ಆಯಿಯನ್ನು ನೋಡಿಕೊಳ್ಳಲು ಬೆಳಂಬಾರದಿಂದ ಬರುವ ಸುಮಿತ್ರಾ. ಈ ಮೂವರಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ವಾರ್ಡುಗಳಿಗೆ ಹೊಸ ನೀತಿಯೊಂದು ಬಂತು. ಪ್ರತಿ ವಾರ್ಡಿನಲ್ಲೂ ಒಂದು ಸಮಿತಿ ಇರಬೇಕು. ಅದು ಮೂರು ಕೆಲಸ ಮಾಡಬೇಕು. ಜನರ ಸುರಕ್ಷತೆ ನೋಡಬೇಕು. ಸಣ್ಣಪುಟ್ಟ ತಕರಾರುಗಳು ಠಾಣೆ, ಕೋರ್ಟು ಎಂದು ಅಲೆದು ಕೊಳೆಯದ ಹಾಗೆ ಓಣಿಯಲ್ಲೇ ಕೂತು ಬಗೆಹರಿಸಬೇಕು. ಮನೆಗಳಲ್ಲಿ ಮುದುಕರನ್ನೂ ಕಾಯಿಲೆಯವರನ್ನೂ ನೋಡಿಕೊಳ್ಳುವವರಿಗೆ ತಕ್ಕ ಸಂಬಳ, ವಾರಕ್ಕೊಂದು ರಜೆ ಸಿಗುವಂತೆ ಜನರ ಮನವೊಲಿಸಬೇಕು. ಸಭೆಯಲ್ಲಿ ಇದನ್ನು ಓದಿ ಹೇಳಿ, ಅಧ್ಯಕ್ಷರು ಯಾರಾಗುತ್ತೀರಿ ಎಂದು ಕೇಳಿದಾಗ ಬಂದವರೆಲ್ಲ ಬನ್ಸ್ ತಿನ್ನುವುದರಲ್ಲಿ ಮಗ್ನರಾದರು. ನನಗೆ ಸಕ್ಕರೆ ಕಾಯಿಲೆ, ಬನ್ಸ್ ತಿನ್ನುವಂತಿಲ್ಲ. ಬಾಯಿ ಖಾಲಿ ಇದ್ದವನು ನಾನೊಬ್ಬನೇ ಆದ್ದರಿಂದ ಅಧ್ಯಕ್ಷನಾದೆ. ಬಸ್ ಕಂಡಕ್ಟರಾಗಿ ನಿವೃತ್ತರಾದ ಗಣಪತಿ ನಾಯ್ಕರು ಉಪಾಧ್ಯಕ್ಷರು. ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಲೀಲಕ್ಕ ಸದಸ್ಯೆ. ಸಭೆ ನಡೆಸಲು ಬೇರೆ ಜಾಗವಿಲ್ಲದ್ದರಿಂದ ನಮ್ಮ ಮನೆಯ ಜಗಲಿಯೇ ಸಮಿತಿಯ ಕಚೇರಿ. ಮನೆಯವರು ನನಗೆ ಗೌರವ ಕೊಡಲಿ ಎಂದು ಒಂದು ದೊಡ್ಡ ಕುರ್ಚಿಯನ್ನೂ ತರಿಸಿದೆ. ಅದರ ಮೇಲೆ ಈಗ ಆಯಿಯ ಬಟ್ಟೆಗಳು ಒಣಗುತ್ತವೆ.

ಮೊದಲು ಸುರಕ್ಷತೆಯನ್ನು ಕೈಗೆತ್ತಿಕೊಂಡೆವು. ನಮ್ಮ ಓಣಿಗೆ ಅಂಥ ದೊಡ್ಡ ಅಪಾಯವೇನೂ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಂಗಡಿ, ಮನೆ, ನಾಯಿ ಎಲ್ಲವೂ ಮಲಗುತ್ತವೆ. ಕಳ್ಳ ಬಂದರೂ ಆ ಸೆಕೆಗೆ ಅವನೂ ಯಾರದಾದರೂ ಜಗಲಿಯಲ್ಲಿ ಅಡ್ಡಾದಾನು. ಆದರೂ ನೀತಿ ಬಂದಿದೆ ಎಂದ ಮೇಲೆ ಅಪಾಯವನ್ನು ಹುಡುಕುವುದು ಸಮಿತಿಯ ಕರ್ತವ್ಯ. ಕ್ಯಾಮೆರಾ ಹಾಕೋಣ ಎಂದು ಒಬ್ಬರು ಹೇಳಿದರು. ಯಾರು ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಮನೆಗೆ ಬರುತ್ತಾರೆ ಎಂಬುದು ಅದರಲ್ಲಿ ಕಾಣುತ್ತದೆ ಎಂದು ಗೊತ್ತಾದ ಕೂಡಲೇ ಗಂಡಸರೆಲ್ಲ ಒಕ್ಕೊರಲಿನಿಂದ ವಿರೋಧಿಸಿದರು. ಆಗ ನನಗೆ ಹೊಳೆದದ್ದು ಹಾರನ್. ರಬ್ಬರಿನ ಉಂಡೆ ಹಿಸುಕಿದರೆ ಕೂಗುತ್ತದಲ್ಲ, ಅದು. ಮುದುಕರಿರುವ ಪ್ರತಿ ಮನೆಗೂ ಒಂದು ಕೊಡುವುದು, ಆಪತ್ತು ಬಂದರೆ ಎರಡು ಸಲ ಉದ್ದಕ್ಕೆ ಒತ್ತುವುದು, ಕೇಳಿದವರೆಲ್ಲ ಓಡಿ ಬರುವುದು. ಕರೆಂಟು ಬೇಡ, ನೆಟ್‌ವರ್ಕ್ ಬೇಡ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಕಲ್ ಅಂಗಡಿಗೆ ನಾನೇ ಹೋಗಿ ಇದ್ದಬದ್ದ ಹಾರನ್ನುಗಳನ್ನೆಲ್ಲ ಕೊಂಡು ತಂದೆ. ಜಗಲಿಯಲ್ಲಿ ನಿಂತು ಎರಡು ಸಲ ಒತ್ತಿ ತೋರಿಸಿದೆ. ಎಲ್ಲರಿಗೂ ಆ ಸದ್ದು ಬಹಳ ಹಿತವಾಗಿ ಕೇಳಿಸಿತು. ಏಕೆ ಅಷ್ಟು ಹಿತವಾಗಿ ಕೇಳಿಸಿತು ಎಂದು ಅಲ್ಲಿದ್ದವರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಮೂರನೆಯ ಕೆಲಸದ ಬಗ್ಗೆ ನಾನು ಒಂದು ಭಾಷಣ ಮಾಡಿದೆ. ಚೆನ್ನಾಗಿತ್ತು ಎಂದು ನಾನೇ ಹೇಳಬಾರದು, ಬೇರೆ ಯಾರೂ ಹೇಳದ್ದರಿಂದ ಹೇಳುತ್ತಿದ್ದೇನೆ. ಆರೈಕೆ ಮಾಡುವ ಕೈಗಳಿಗೂ ದಣಿವಿದೆ, ಅವರಿಗೂ ಭಾನುವಾರವಿದೆ ಎಂದೆಲ್ಲ ಹೇಳಿದೆ. ಒಳಗೆ ಸುಮಿತ್ರಾ ಆಯಿಗೆ ಗಂಜಿ ಕುಡಿಸುತ್ತಿದ್ದಳು. ಅದು ಭಾನುವಾರ. ಆದರೆ ನನ್ನ ಭಾಷಣಕ್ಕೂ ಸುಮಿತ್ರಾಳಿಗೂ ಸಂಬಂಧವಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಏಕೆಂದರೆ ಅವಳು ಕೆಲಸದವಳಲ್ಲ, ಮನೆಯವಳ ಹಾಗೆ. ಬಂದ ನೆಂಟರಿಗೆಲ್ಲ ನಾನು ಹಾಗೆಯೇ ಹೇಳುವುದು. ಮನೆಯವರಿಗೆ ರಜೆ ಎಂದು ಎಲ್ಲಿರುತ್ತದೆ? ಮನೆಯವರು ಸಂಬಳ ಹೆಚ್ಚು ಮಾಡಿ ಎಂದು ಕೇಳುತ್ತಾರೆಯೆ? ನಾನು ಅವಳನ್ನು ಮನೆಯವಳೆಂದು ತಿಳಿದಷ್ಟೂ ನನಗೆ ಖರ್ಚು ಕಡಿಮೆಯಾಗುತ್ತಿತ್ತು. ಈ ಲೆಕ್ಕ ನನಗೆ ಆಗ ತಿಳಿದಿರಲಿಲ್ಲ ಎಂದು ಹೇಳಿದರೆ ನೀವು ನಂಬಬೇಕಾಗಿಲ್ಲ.

ಇರಲಿ. ಒಂದು ದಿನ ಬೆಳಿಗ್ಗೆ ನಾನು ಹಿಂದಿನ ಓಣಿಯಲ್ಲಿರುವ ಗಣಪತಿ ನಾಯ್ಕರ ಮನೆಯಲ್ಲಿ ಕೂತು, ತಕರಾರುಗಳು ಏಕೆ ಬರುತ್ತಿಲ್ಲ ಎಂದು ಚಿಂತಿಸುತ್ತಿದ್ದೆ. ಸಮಿತಿ ಹುಟ್ಟಿದಾಗಿನಿಂದ ಒಂದೇ ಒಂದು ಜಗಳ ನಮ್ಮ ಮುಂದೆ ಬಂದಿರಲಿಲ್ಲ. ಮೊದಲೆಲ್ಲ ತೆಂಗಿನ ಮಡಲು ಬಿತ್ತು, ಕೋಳಿ ಬಂತು ಎಂದು ಬೈದಾಡುತ್ತಿದ್ದ ಜನ, ನ್ಯಾಯ ಮಾಡಲು ನಾವು ತಯಾರಾದ ಮೇಲೆ ಅನ್ಯೋನ್ಯವಾಗಿಬಿಟ್ಟಿದ್ದರು. ಅಷ್ಟರಲ್ಲಿ ನಮ್ಮ ಓಣಿಯ ಕಡೆಯಿಂದ ಉದ್ದಕ್ಕೆ ಪೋಂ ಪೋಂ ಎಂದು ಕೇಳಿಸಿತು. ನಾನು ತಟ್ಟನೆ ಮೊಬೈಲ್ ತೆಗೆದು ಮನೆಗೆ ಫೋನ್ ಹಚ್ಚಿದೆ. ಯಾರೋ ಎತ್ತಿದರು.

"ಸುಮಿತ್ರಾ, ಬಂಗಡೆ ಇದ್ರೆ ಮಾತ್ರ ತಗೊ. ತಾರ್ಲೆ ಬೇಡ. ನಿನ್ನೆಯ ಹಾಗೆ ಮೆತ್ತಗಿದ್ರೆ ಮುಖದ ಮೇಲೇ ಹೇಳು" ಎಂದೆ.

ಆ ಕಡೆ ಏನೋ ಗದ್ದಲ. ಆಮೇಲೆ ಸುಮಿತ್ರಾಳ ಧ್ವನಿ ದೂರದಿಂದ ಬಂತು. "ಸಾಹೇಬ್ರೆ, ಬಂಗ್ಡೆ ಅಲ್ಲ, ಆಯಿ. ಬಚ್ಚಲದಲ್ಲಿ ಬಿದ್ರು. ನೀವು ಬರೂದಾದ್ರೆ ಬನ್ನಿ. ಇಲ್ದಿದ್ರೂ ಅಡ್ಡಿಲ್ಲ, ಓಣಿ ಪೂರಾ ಬಂದದೆ."

ದಿನಾ ನಮ್ಮ ಓಣಿಗೆ ಸ್ಕೂಟರಿನ ಮೇಲೆ ಮೀನು ತರುವ ದೇವಿದಾಸ ಒತ್ತುವುದೂ ಅದೇ ಹಾರನ್. ಅವನೂ ಅದೇ ಸೈಕಲ್ ಅಂಗಡಿಯ ಗಿರಾಕಿ. ಅವನು ಒತ್ತುವುದೂ ಎರಡು ಸಲ, ಉದ್ದಕ್ಕೆ. ವರ್ಷಗಟ್ಟಲೆ ಆ ಸದ್ದು ಕೇಳಿ ಪಾತ್ರೆ ಹಿಡಿದು ಹೊರಗೆ ಬಂದವರು ನಾವು. ಅದೇ ಸದ್ದನ್ನು ಆಪತ್ತಿನ ಸಂಕೇತವೆಂದು ಸರ್ವಾನುಮತದಿಂದ ಒಪ್ಪಿದವರೂ ನಾವೇ. ಮೀನು ತಿನ್ನದ ಒಬ್ಬ ಸದಸ್ಯನಿದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ನಾನು ಓಡಿದೆ. ಆಯಿಯ ಇನ್ನೊಂದು ಬದಿಯ ಸೊಂಟವೂ ಹೋಯಿತು ಎಂದೇ ಎಣಿಸಿದ್ದೆ. ಮನೆಗೆ ಬಂದು ನೋಡಿದರೆ ಜಗಲಿಯ ಮೇಲೆ ಪಾತ್ರೆ, ತಟ್ಟೆ, ಬುಟ್ಟಿಗಳ ರಾಶಿ. ಅವುಗಳನ್ನು ಅಲ್ಲಿಟ್ಟು ಒಳಗೆ ಹೋದ ಹೆಂಗಸರು ಆಗಲೇ ಆಯಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದ್ದರು. ಲೀಲಕ್ಕ ಗಾಳಿ ಹಾಕುತ್ತಿದ್ದಳು. ಡಾಕ್ಟರಿಗೆ ಫೋನ್ ಹೋಗಿತ್ತು. ನನ್ನ ಮೊಬೈಲ್ ಕರೆಯನ್ನು ಎತ್ತಿದವರು ಸ್ಪೀಕರ್ ಹಾಕಿದ್ದರಂತೆ. ಹಾಗಾಗಿ ಅಧ್ಯಕ್ಷರಿಗೆ ತಾರ್ಲೆ ಬೇಡವೆಂಬುದು ಎಲ್ಲರಿಗೂ ತಿಳಿದಿತ್ತು. ಆಯಿ ಕಣ್ಣು ತೆರೆದು, ನನ್ನ ಬರಿಗೈ ನೋಡಿ, "ಬಂಗ್ಡೆ ಸಿಗ್ಲಿಲ್ವೇನೋ ತಮಾ?" ಎಂದಳು. ಅವಳಿಗೆ ಏನೂ ಆಗಿರಲಿಲ್ಲ. ಬೀಳುವಾಗ ಸುಮಿತ್ರಾ ಅಡ್ಡ ಬಂದು ತಾನೇ ಕೆಳಗಾಗಿದ್ದಳು. ಆಯಿ ಬಿದ್ದದ್ದು ಅವಳ ಮೇಲೆ. ಹೇಗೋ ಎದ್ದು ಹೋಗಿ ಹಾರನ್ ಒತ್ತಿದವಳೂ ಅವಳೇ.

ನಾನು ಬಂದವರಿಗೆಲ್ಲ ಹಾರನ್ನಿನ ಮಹಿಮೆ ವಿವರಿಸಿದೆ. ಆಪತ್ತೆಂದು ತಿಳಿದಿದ್ದರೆ ಜನ ಬರಲು ಹಿಂದೆ ಮುಂದೆ ನೋಡುತ್ತಿದ್ದರೋ ಏನೋ, ಮೀನೆಂದು ತಿಳಿದದ್ದರಿಂದ ಎಲ್ಲರಿಗಿಂತ ಮೊದಲು ಬರಲು ಓಡಿದ್ದರು. ಯೋಜನೆ ನೂರಕ್ಕೆ ನೂರು ಯಶಸ್ವಿ ಎಂದೆ. ಮರುದಿನದಿಂದ ಸುಮಿತ್ರಾ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಅದನ್ನು ನಾನು ನೋಡಿದ್ದೆ. ಏನಾಯಿತು ಎಂದು ಕೇಳಲಿಲ್ಲ.

ಒಂದು ಮಧ್ಯಾಹ್ನ ಅವಳೇ ಬಂದು ನಿಂತಳು. "ಸಾಹೇಬ್ರೆ, ನಿಮ್ಮ ಸಮಿತಿಗೆ ತಕರಾರು ಹೇಳೂಕೆ ಎಂತ ಮಾಡೂದು?"

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ಒಂದು ತಕರಾರು. ಬೆಳಂಬಾರದಲ್ಲಿ ಅವಳ ಮೈದುನನೊಂದಿಗೆ ಗದ್ದೆಯ ಬದುವಿನ ವ್ಯಾಜ್ಯವಿದೆ ಎಂದು ಕೇಳಿದ್ದೆ. ವಾರ್ಡು ಬೇರೆಯಾದರೂ ನ್ಯಾಯಕ್ಕೆ ಗಡಿಯಿಲ್ಲ ಎಂದುಕೊಂಡು ಅವಳನ್ನು ಕೂರಿಸಿ ಹುರಿದುಂಬಿಸಿದೆ. "ಸಭೆಗೆ ಬಂದು ಬಾಯಲ್ಲಿ ಹೇಳಿದ್ರೆ ಸಾಕು. ಎದುರಿನವ ಎಷ್ಟು ದೊಡ್ಡವನೇ ಆಗಿರ್ಲಿ, ಹೆದರಬಾರ್ದು. ಅವನ ಮುಖ ನೋಡಿ ಹೇಳು."

"ಮುಖ ನೋಡೇ ಹೇಳ್ತೆ" ಎಂದಳು.

ಸಭೆಯ ದಿನ ಅವಳು ಜಗಲಿಯ ಕಂಬದ ಹತ್ತಿರ ನಿಂತು, ನಾನು ಹೇಳಿಕೊಟ್ಟ ಹಾಗೆಯೇ, ನನ್ನ ಮುಖ ನೋಡಿ ಶುರುಮಾಡಿದಳು. ಮೊದಲಿನ ಒಂದೆರಡು ಮಾತಿಗೆ ನಾನು ತಲೆಯಾಡಿಸಿ ಪ್ರೋತ್ಸಾಹ ಕೊಡುತ್ತಲೇ ಇದ್ದೆ.

"ಆಯಿಗೆ ನೋಡೂಕೆ ನಂಗೆ ಬೇಜಾರಿಲ್ಲ. ನಮ್ಮಬ್ಬೆ ಇದ್ದಿದ್ರೂ ಇಷ್ಟೇ ಮಾಡ್ತಿದ್ದೆ. ಆದ್ರೆ ಒಬ್ಳೇ ಎತ್ತೂದು, ಒಬ್ಳೇ ಇಳಿಸೂದು. ಇವ್ರು ಜಗಲಿಲೇ ಕೂತಿರ್ತ್ರು. ಬಂದಾಗಿಂದ ಸಂಬಳ ಅಷ್ಟೇ ಅದೆ. ಒಂದು ಆಯಿತವಾರ ಮನೇಲಿ ಕೂತದ್ದಿಲ್ಲ. ಆವತ್ತು ನಾನೂ ಬಿದ್ದೆ, ಎಂತಾಯ್ತೇ ಅಂತ ಒಬ್ರೂ ಕೇಳ್ಲಿಲ್ಲ. ಅರ್ಗಾದಲ್ಲಿ ಒಂದು ಮನೆಯವ್ರು ಕರೀತಿದ್ರು, ಸಂಬಳ ಜಾಸ್ತಿ, ಆಯಿತವಾರ ರಜೆ. ನಂಗೆ ಆಯಿಗೆ ಬಿಟ್ಟು ಹೋಗೂಕೆ ಮನಸಿಲ್ಲ. ಅದ್ಕೇ ಹೇಳೂದು. ನೀವೇ ಎಂತದಾದ್ರೂ ಮಾಡಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಸುಮಿತ್ರಾ ಹೋದರೆ ಆಯಿ ಅನ್ನ ಬಿಡುತ್ತಾಳೆ. ಇದು ಉತ್ಪ್ರೇಕ್ಷೆಯಲ್ಲ, ಒಮ್ಮೆ ಸುಮಿತ್ರಾ ಜ್ವರ ಬಂದು ಮಲಗಿದಾಗ ಆಯಿ ನನ್ನ ಕೈಯಿಂದ ಒಂದು ತುತ್ತೂ ತಿಂದಿರಲಿಲ್ಲ. ಆದರೂ ಅಭ್ಯಾಸಬಲದಿಂದ, "ಈ ವಿಷಯವನ್ನು ಸಮಿತಿ ಪರಿಶೀಲಿಸಿ..." ಎಂದು ಆರಂಭಿಸಿದೆ. ಗಣಪತಿ ನಾಯ್ಕರು ಎದ್ದು ನನ್ನ ಭುಜ ಮುಟ್ಟಿದರು. ಇಡೀ ಆಯುಷ್ಯ ಬಸ್ಸಿನಲ್ಲಿ ಹೇಳಿದ ಮಾತನ್ನು ಅದೇ ಧಾಟಿಯಲ್ಲಿ ಹೇಳಿದರು. "ಸೀಟು ಬಿಡ್ರಿ ಸರ್. ಹಿಂದೆ ಸರೀರಿ."

ನಾನು ಹೋಗಿ ಸುಮಿತ್ರಾಳ ಎದುರಿನ ಕಂಬದ ಹತ್ತಿರ ನಿಂತೆ. ನಾಯ್ಕರು ನನ್ನ ಕುರ್ಚಿಯಲ್ಲಿ ಕೂತು, ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಒಳಗಿನ ಕೋಣೆಯ ಕಿಟಕಿಯಿಂದ ಆಯಿಯ ಧ್ವನಿ ಬಂತು. "ನಾನೇ ಸಾಕ್ಷಿ. ಅವ್ಳು ಹೇಳೂದೆಲ್ಲ ಖರೆ. ಅವ್ಳು ಹೋದ್ರೆ ನಂಗೂ ಅರ್ಗಾಕ್ಕೇ ಕಳ್ಸಿ." ಶಾಲೆಯಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ತಾನೂ ಈ ಮನೆಯವಳೇ ಆದ್ದರಿಂದ ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ಒಪ್ಪಿಕೊಂಡಳು. ಅದು ಅವಳ ದೊಡ್ಡತನ. ಆಮೇಲೆ, ತನಗೂ ವಾರಕ್ಕೆ ಸಿಗುವುದು ಅದೊಂದೇ ಭಾನುವಾರ ಎಂಬುದನ್ನು ಸಮಿತಿ ಗಮನಿಸಬೇಕು ಎಂದಳು. ಸಮಿತಿ ಗಮನಿಸಿತು. ಸುಮಿತ್ರಾಳ ಸಂಬಳ ಏರಿಸಬೇಕು, ಕೈಯ ಚಿಕಿತ್ಸೆ ಮನೆಯವರದು, ಆಯಿಯನ್ನು ಎತ್ತುವಾಗ ಅಧ್ಯಕ್ಷರು ಜೊತೆಗೆ ಕೈ ಹಾಕಬೇಕು, ಭಾನುವಾರ ಅವಳಿಗೆ ರಜೆ, ಆ ದಿನ ಆಯಿಯ ಜವಾಬ್ದಾರಿ ಅಧ್ಯಕ್ಷರದು ಎಂದು ತೀರ್ಪಾಯಿತು. ಇಷ್ಟಕ್ಕೂ ನನ್ನ ಭಾಷಣವನ್ನೇ ಆಧಾರವಾಗಿ ಹಿಡಿದರು. ಅದನ್ನು ಯಾರೂ ಕೇಳಿಸಿಕೊಂಡಿಲ್ಲವೆಂದು ನಾನು ಕೊರಗಿದ್ದು ವ್ಯರ್ಥ.

ಮೊದಲ ಭಾನುವಾರ ಬಂತು. ಹೆಂಡತಿ ಬೆಳಿಗ್ಗೆಯೇ ಅಕ್ಕನ ಮನೆಗೆ ಹೊರಟಳು. ನಾನು ಆಯಿಯ ತಲೆ ಬಾಚಿದೆ. ಅವಳು ಎರಡು ಸಲ ಅಯ್ಯೋ ಎಂದಳು. ಗಂಜಿ ಕುಡಿಸಿದೆ, ಅರ್ಧ ಅವಳ ಸೆರಗಿಗೆ ಹೋಯಿತು. ಆಮೇಲೆ ಕುರ್ಚಿಯಲ್ಲಿ ಕೂರಿಸಲೆಂದು ಅವಳ ಕಂಕುಳಿಗೆ ಕೈ ಹಾಕಿ ಎತ್ತಿದೆ. ಸುಮಿತ್ರಾ ದಿನಾ ಮಾಡುವ ಕೆಲಸ, ನೋಡುವಾಗ ಏನೂ ಅನ್ನಿಸುವುದಿಲ್ಲ. ಅರ್ಧ ಎತ್ತಿದ ಮೇಲೆ ನನ್ನ ಸೊಂಟ ಹಿಡಿದುಕೊಂಡಿತು. ಮೇಲೆತ್ತಲೂ ಆಗದು, ಕೆಳಗಿಳಿಸಲೂ ಆಗದು. ಇಬ್ಬರೂ ಹಾಗೆಯೇ ಅಪ್ಪಿಕೊಂಡು ನಿಂತೆವು. ಅಮ್ಮನನ್ನು ಹೀಗೆ ಅಪ್ಪಿಕೊಂಡು ಎಷ್ಟು ವರ್ಷವಾಯಿತು ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು. ಆಯಿಗೆ ಹಾಗೇನೂ ಅನ್ನಿಸಿದಂತಿರಲಿಲ್ಲ. ಅವಳ ಒಂದು ಕೈ ನನ್ನ ಬೆನ್ನ ಹಿಂದಿನಿಂದ ಮೇಜಿನ ಕಡೆಗೆ ನಿಧಾನವಾಗಿ ಚಾಚಿತು.

ಪೋಂ ಪೋಂ ಎಂದು ಉದ್ದಕ್ಕೆ ಕೇಳಿಸಿತು. ನಾನು ಎರಡು ಉಸಿರು ತೆಗೆಯುವುದರೊಳಗೆ ಪಾತ್ರೆ ಹಿಡಿದ ಲೀಲಕ್ಕ, ಅವಳ ಹಿಂದೆ ಅರ್ಧ ಓಣಿ ಬಾಗಿಲಲ್ಲಿತ್ತು. ಬಂದದ್ದು ಮೀನೋ ಆಪತ್ತೋ ಎಂದು ಲೀಲಕ್ಕ ಕೇಳಿದಳು.

"ಮೀನಲ್ಲ ಮಾರಾಯ್ತಿ" ಎಂದಳು ಆಯಿ, ನನ್ನ ಭುಜದ ಮೇಲಿಂದ. "ಇವತ್ತು ನಂಗೆ ನೋಡ್ಕಳ್ಳೂದು ಇವ."