ನಾಲ್ಕು ಇಪ್ಪತ್ತರ ತುರಿಕೆ

"ಅಮ್ಮಾ, ಅಪ್ಪನ ಕೈಯೊಳಗೆ ಯಾರಿದಾರೆ? ಒಳಗಿಂದ ಬಾಗಿಲು ತಟ್ತಾನೇ ಇದಾರಲ್ಲ?"

ಐದು ತುಂಬಿದ ಪುಟ್ಟಿ ಹೀಗೆ ಕೇಳಿದಾಗ ಅವಳ ತಾಯಿ ಒಗೆದ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು. ಮುಂದಿನ ಕೋಣೆಯಿಂದ ಸದ್ದು ಬರುತ್ತಿತ್ತು. ಟಪ್. ಟಪ್. ಟಪ್.

"ಯಾರೂ ಇಲ್ಲ ಪುಟ್ಟಿ. ಅಪ್ಪನಿಗೆ ಕೈ ತುರಿಸುತ್ತೆ. ಕೆರ್ಕೋಬೇಡಿ, ತಟ್ಕೊಳ್ಳಿ ಅಂತ ನಾನೇ ಹೇಳಿದೀನಿ."

"ಅಪ್ಪ ತಟ್ಟೋದು ನಿಲ್ಲಿಸಿದ ಮೇಲೂ ಯಾಕೆ ಕೇಳ್ಸುತ್ತೆ?"

ತಾಯಿ ಕಿವಿಗೊಟ್ಟು ಆಲಿಸಿದಳು. (ನಲವತ್ತೊಂದು ಗಡಿಯಾರಗಳಿರುವ ಮನೆಯಲ್ಲಿ ಯಾವ ಸದ್ದು ಯಾರದು ಎಂದು ಹೇಳಲು ಬ್ರಹ್ಮನೇ ಬರಬೇಕು.)

ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಕಾಯಿಲೆ ಬಿದ್ದ ಗಡಿಯಾರಗಳು. ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಸರಿಯಾದ ಹೊತ್ತು ಬೇಕಾದರೆ ಅವಳ ಮೊಬೈಲನ್ನೇ ನೋಡಬೇಕು. ಇಂಥ ಮಹಾಕಾಲಜ್ಞಾನಿ ಹತ್ತು ದಿನದ ಹಿಂದೆ ಯಾರಿಗೂ ಹೇಳದೆ ಹೋಗಿ, ಎಡಗೈಯ ಒಳಮಗ್ಗುಲಿಗೆ ಹಚ್ಚೆ ಹಾಕಿಸಿಕೊಂಡು ಬಂದಿದ್ದ. ದುಂಡನೆಯ ಗಡಿಯಾರ, ಹನ್ನೆರಡು ಅಂಕಿ, ಎರಡು ಮುಳ್ಳು, ನಾಲ್ಕು ಗಂಟೆ ಇಪ್ಪತ್ತು ನಿಮಿಷ.

"ಪುಟ್ಟಿ ಹುಟ್ಟಿದ ಹೊತ್ತು," ಅಂದ. "ಅವತ್ತು ನಂಗೆ ಆಸ್ಪತ್ರೆಗೆ ಬರೋಕಾಗ್ಲಿಲ್ಲ. ನಿಮ್ಮಮ್ಮ ಫೋನ್ ಮಾಡಿದ ತಕ್ಷಣ ತಲೆ ಎತ್ತಿ ಗೋಡೆ ನೋಡಿದ್ದೆ. ಆ ನಿಮಿಷಾನಾದ್ರೂ ನನ್ನ ಹತ್ರ ಇರ್ಲಿ ಅಂತ."

ಅವಳು "ತುಂಬ ಚೆನ್ನಾಗಿದೆ ರೀ" ಎಂದು ಒಳಗೆ ಹೋಗಿ ಐದು ವರ್ಷದ ಹಿಂದಿನ ಡೈರಿ ತೆಗೆದಳು. ಹೆರಿಗೆ ಮಂಚದ ಮೇಲೂ ಪೆನ್ನು ಬಿಡದವಳು ಅವಳು. ಅಲ್ಲಿ ಗುಂಡಗೆ ಬರೆದಿತ್ತು: ಮಧ್ಯಾಹ್ನ ಮೂರು ಐವತ್ತೆರಡು. ಹೆಣ್ಣು. ಗಂಟಲು ಜೋರು.

ಇಪ್ಪತ್ತೆಂಟು ನಿಮಿಷದ ವ್ಯತ್ಯಾಸ. ಊರವರ ಗಡಿಯಾರ ಒಂದು ನಿಮಿಷ ಹಿಂದೆ ಬಿದ್ದರೂ ಹೊಟ್ಟೆ ಬಗೆದು ನೋಡುವವನು ಹೋಗಿ ಹೋಗಿ ಸ್ವಂತ ಮಗಳ ವಿಷಯದಲ್ಲೇ ಎಡವಿದ್ದ. ಅವಳು ಡೈರಿಯನ್ನು ಬಟ್ಟೆಗಳ ಅಡಿಗೆ ತಳ್ಳಿದಳು. ಹೇಳಿದರೆ, ಪಾಪ, ಅವನು ಅದೇ ಹೆರಿಗೆಯನ್ನು ಎರಡನೆಯ ಸಲ ತಪ್ಪಿಸಿಕೊಂಡ ಹಾಗಾಗುತ್ತಿತ್ತು.

ಐದನೆಯ ದಿನ ಮಹಾಕಂಡೂಯನ ಪ್ರಾರಂಭವಾಯಿತು. (ಬರೀ ತುರಿಕೆ ಎಂದರೆ ಅದಕ್ಕೆ ಅವಮಾನ.) ಹಚ್ಚೆಯ ಮೇಲೆ ತೆಳುವಾದ ಹಕ್ಕಳೆ ಕಟ್ಟಿ, ಗಂಡ ಕುಂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಹೋದ.

"ಒಂದೇ ಒಂದು ಸಲ ಕೆರ್ಕೊಳ್ತೀನಿ ಕಣೇ. ಕೈ ಮುಗೀತೀನಿ."

"ಮುಗಿಯೋಕೆ ಎರಡು ಕೈ ಬೇಕು, ಒಂದು ಒದ್ದೆ ಬಟ್ಟೆಯೊಳಗಿದೆ. ಸುಮ್ನೆ ಕೂತ್ಕೊಳ್ಳಿ."

"ಉಗುರು ತಾಗ್ಸಲ್ಲ. ಸ್ಕ್ರೂಡ್ರೈವರ್ ಹಿಡಿ ಇದೆಯಲ್ಲ, ಅದರಲ್ಲಿ ಸ್ವಲ್ಪ—"

"ಹಕ್ಕಳೆ ಕಿತ್ತು ಬಂದ್ರೆ ಜೊತೆಗೆ ನಿಮಿಷದ ಮುಳ್ಳೂ ಬರುತ್ತೆ. ಆಮೇಲೆ ಮಗಳು ಬರೀ ನಾಲ್ಕು ಗಂಟೆಗೆ ಹುಟ್ಟಿದ್ಲು ಅಂತ ಹೇಳ್ಕೊಂಡು ಓಡಾಡಿ."

ಅವಳು ಅವನ ಉಗುರು ಕತ್ತರಿಸಿದಳು. ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ಇಟ್ಟಳು. ಹಚ್ಚೆಯವನು ಕೊಟ್ಟಿದ್ದ ವಾಸನೆಯಿಲ್ಲದ ಮುಲಾಮನ್ನು ಹೌದೋ ಅಲ್ಲವೋ ಎನ್ನುವಷ್ಟೇ ಸವರಿದಳು. ತಡೆಯಲಾಗದಿದ್ದರೆ ಅಂಗೈಯಿಂದ ಮೆಲ್ಲಗೆ ತಟ್ಟಲು ಹೇಳಿದಳು. ಅಂಗಡಿ ಮುಚ್ಚಿದ ಮೇಲೆ ಅವನ ಬಲಗೈಗೆ ಪುಟ್ಟಿಯ ಕಾಲುಚೀಲ ತೊಡಿಸಿ ದಾರ ಕಟ್ಟಿದಳು. ಅದರ ಮೇಲೆ ಮೊಲದ ಮುಖವಿತ್ತು. ಗಂಡ ಗಂಭೀರವಾಗಿ ಮೊಲದ ಕೈಯಲ್ಲಿ ಪೇಪರಿನ ಹಾಳೆ ಮಗುಚುತ್ತಿದ್ದ.

ಇದನ್ನೆಲ್ಲ ದಿನಾ ಡೈರಿಯಲ್ಲಿ ಬರೆಯುತ್ತ ಬಂದವಳು, ಪುಟ್ಟಿ ಆ ಪ್ರಶ್ನೆ ಕೇಳಿದ ದಿನ, ಟವೆಲ್ಲು ಕೈಯಲ್ಲಿ ಹಿಡಿದೇ ಹಿಂದಿನ ಪುಟಗಳನ್ನು ತಿರುವಿದಳು. ತುರಿಕೆ ಆಗೊಮ್ಮೆ ಈಗೊಮ್ಮೆ ಇದ್ದದ್ದೇ. ಆದರೆ ವಿಪರೀತಕ್ಕೆ ಹೋದದ್ದು ನಾಲ್ಕು ಇಪ್ಪತ್ತಕ್ಕೆ. ಮರುದಿನ ನಾಲ್ಕು ಇಪ್ಪತ್ತಕ್ಕೆ. ಅದರ ಮರುದಿನವೂ.

ಟವೆಲ್ಲು ಬಿಟ್ಟು ಅಂಗಡಿಗೆ ಹೋದಳು. ಮೊಬೈಲಿನಲ್ಲಿ ನಾಲ್ಕು ಇಪ್ಪತ್ತೊಂದು. ಗಂಡ ಕಣ್ಣು ಮುಚ್ಚಿ ಕೈ ತಟ್ಟಿಕೊಳ್ಳುತ್ತಿದ್ದ. ಅವನ ಎದುರು ಗೋಡೆಯ ಮೂಲೆಯಲ್ಲಿ ಕಪ್ಪು ಮರದ ಗಡಿಯಾರವೊಂದು ನಿಂತುಹೋಗಿತ್ತು. ವರ್ಷಗಳಿಂದ ಅದರ ಧೂಳು ಒರೆಸಿದವಳು ಮುಳ್ಳುಗಳನ್ನು ನೋಡಿದ್ದು ಅಂದೇ. ನಾಲ್ಕು ಇಪ್ಪತ್ತು. ಎಂಟರ ಅಂಕಿಯ ಪಕ್ಕ ಗಾಜಿನಲ್ಲಿ ಕೂದಲೆಳೆಯಂಥ ಬಿರುಕು. ಗಂಡನ ಕೈ ನೋಡಿದಳು. ಹಚ್ಚೆಯ ಹಕ್ಕಳೆಯೂ ಎಂಟರ ಪಕ್ಕದಲ್ಲೇ ಬಿರಿದಿತ್ತು.

"ರೀ, ಫೋನ್ ಬಂದಾಗ ನೀವು ನೋಡಿದ್ದು ಯಾವ ಗಡಿಯಾರ?"

"ಇದೇ. ಎದುರಿಗಿತ್ತಲ್ಲ."

"ಅವತ್ತು ಇದು ನಡೀತಿತ್ತಾ?"

ತಟ್ಟುವುದು ನಿಂತಿತು. ಅವನು ತಲೆ ಎತ್ತಿ ಆ ಗಡಿಯಾರ ನೋಡಿದ.

"ರಿಪೇರಿಗೆ ಬಂದಿತ್ತು," ಅಂದ. "ಪುಟ್ಟಿ ಹುಟ್ಟೋಕೆ ಒಂದು ವಾರ ಮುಂಚೆ. ತಂದ ಅಜ್ಜಿ ಮತ್ತೆ ಬರ್ಲೇ ಇಲ್ಲ."

"ಏನಾಗಿತ್ತು ಅದಕ್ಕೆ?"

"ಅದೇ ಗೊತ್ತಾಗ್ಲಿಲ್ಲ. ಮೂರು ಸಲ ಬಿಚ್ಚಿದೆ. ಒಳಗೆ ಏನೂ ಕೆಟ್ಟಿರ್ಲಿಲ್ಲ."

ಟಪ್, ಟಪ್ ಎಂದು ಎಲ್ಲಿಂದಲೋ ಕೇಳಿಸಿತು. ಗಂಡನ ಎರಡು ಕೈಗಳೂ ಮೇಜಿನ ಮೇಲಿದ್ದವು.

"ಹಂಗಾದ್ರೆ ನಿಜವಾದ ಹೊತ್ತು ಎಷ್ಟೇ? ನಿನ್ನ ಡೈರಿಯಲ್ಲಿ ಇಲ್ದೆ ಇರಲ್ಲ."

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಮೂರು ಐವತ್ತೆರಡು," ಎಂದಳು. ಅವನು ತಲೆಯಾಡಿಸಿದ, ಅಷ್ಟೇ. ಆ ಸಂಜೆ ಕೆರೆದುಕೊಳ್ಳುತ್ತೇನೆಂದು ಗೋಗರೆಯಲೂ ಇಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಬೆಳಗಾದ ಮೇಲೆ ಅವಳ ವ್ಯವಹಾರಬುದ್ಧಿ ಮರಳಿತು. ದೆವ್ವವಾದರೂ ಸರಿ, ಬರಲು ಒಂದು ದಾರಿ ಬೇಕಲ್ಲ. ನಾಲ್ಕು ಗಂಟೆಯಿಂದಲೇ ಅಂಗಡಿಯಲ್ಲಿ ಕಾದು ಕೂತಳು. ನಾಲ್ಕು ಇಪ್ಪತ್ತರ ಹೊತ್ತಿಗೆ ಎದುರಿನ ಕಟ್ಟಡದ ಗಾಜಿಗೆ ಬಡಿದ ಬಿಸಿಲು ಚಂಗನೆ ಹಾರಿ ಬಂದು ನೇರವಾಗಿ ಗಂಡನ ಎಡಗೈಯ ಮೇಲೆ ಕೂತಿತು. ಬಿಸಿ ತಾಗಿದ ಕೂಡಲೆ ಅವನು ಬೆಚ್ಚಿ ತಟ್ಟಿಕೊಳ್ಳತೊಡಗಿದ.

"ಇದೇ ನೋಡಿ ನಿಮ್ಮ ಅಜ್ಜಿಯ ದೆವ್ವ," ಎಂದು ಅವಳು ಹಳೆಯ ಬೆಡ್‌ಶೀಟು ತಂದು ಕಿಟಕಿಗೆ ಕಟ್ಟಿದಳು.

ಮರುದಿನ ಕೋಣೆ ಮಬ್ಬಾಗಿತ್ತು. ಅಂಗಡಿ ಬೇಗ ಮುಚ್ಚಿ, ಮೊಲದ ಕೈಯವನು ಒಂದು ಕಡೆ, ಡೈರಿಯವಳು ಒಂದು ಕಡೆ, ನಡುವೆ ಪುಟ್ಟಿ. ನಾಲ್ಕು ಹತ್ತೊಂಬತ್ತು. ನಾಲ್ಕು ಇಪ್ಪತ್ತು. ಗಂಡನ ಕೈ ಮಗು ಮಲಗಿದ ಹಾಗೆ ಸುಮ್ಮನಿತ್ತು. 'ತುರಿಕೆ ಇಲ್ಲ. ಕಾರಣ: ಬಿಸಿಲು' ಎಂದು ವಿಜಯೋತ್ಸಾಹದಲ್ಲಿ ಬರೆದು ಅವಳು ಪೆನ್ನು ಕೆಳಗಿಟ್ಟಳು.

"ಅಮ್ಮಾ," ಎಂದಳು ಪುಟ್ಟಿ, "ಈಗ ನಿನ್ನ ಕೈಯೊಳಗೆ ಬಂದ್ರಾ?"

ಅವಳು ಕೆಳಗೆ ನೋಡಿದಳು. ಅವಳ ಬಲಗೈ, ಯಾವಾಗಿನಿಂದಲೋ, ಒಂದು ಚುಕ್ಕೆ ಶಾಯಿಯೂ ಇಲ್ಲದ ತನ್ನ ಎಡಗೈಯನ್ನು ತಟ್ಟುತ್ತಿತ್ತು. ನಿಲ್ಲಿಸಿದರೆ ತುರಿಕೆ ಪ್ರಾಣ ಹೋಗುವಂತಿತ್ತು.

ಗಂಡ ನಗಲಿಲ್ಲ. ಒದ್ದೆ ಬಟ್ಟೆ ತಂದು ಅವಳ ಎಡಗೈಗೆ ಸುತ್ತಿದ. ಆಮೇಲೆ ಬಟ್ಟೆಗಳ ಅಡಿಯಿಂದ ಹಳೆಯ ಡೈರಿ ತಂದು, ಆ ಪುಟ ತೆರೆದು ಅವಳ ಮುಂದಿಟ್ಟ.

"ಒಂದು ಉಪಕಾರ ಮಾಡ್ತೀಯಾ?" ಅಂದ. "ನನ್ನ ಕೈ ತಿದ್ದೋಕಾಗಲ್ಲ, ಇದನ್ನ ತಿದ್ದಬಹುದು. ಮೂರು ಐವತ್ತೆರಡು ಹೊಡೆದುಹಾಕಿ ನಾಲ್ಕು ಇಪ್ಪತ್ತು ಅಂತ ಬರಿ. ಎರಡೂ ಒಂದೇ ಹೊತ್ತು ಹೇಳಿದ್ರೆ ತಟ್ಟೋದು ನಿಂತ್ರೂ ನಿಲ್ಲಬಹುದು. ನಾನೇ ಬರ್ಕೊಳ್ತಿದ್ದೆ ಕಣೇ, ಆದ್ರೆ ಈ ಮೊಲಕ್ಕೆ ಪೆನ್ನು ಹಿಡಿಯೋಕೆ ಬರಲ್ಲ."