ನೆಗಡಿ ಹಿಡಿದ ಜನರೇಟರ್

ಇಂಜಿನ್ನಿಗೂ ನೆಗಡಿಯಾಗುತ್ತದೆ ಎಂದು ನಂಬಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದರೆ ಅವನು ನನ್ನ ಚಿಕ್ಕಪ್ಪ! ಚಳಿಗಾಲದ ಬೆಳಗ್ಗೆ ಮೊಪೆಡ್ ಬಿಳಿ ಹೊಗೆ ಬಿಟ್ಟರೆ ಸಾಕು, ಅದಕ್ಕೆ ಗೋಣಿಚೀಲ ಹೊದಿಸುತ್ತಾನೆ. ಒಮ್ಮೆ ಸೈಲೆನ್ಸರಿಗೆ ನೀಲಗಿರಿ ಎಣ್ಣೆ ಸವರಿಕೊಂಡೇ ಕ್ಯಾಸಂಬಳ್ಳಿ ಡೈರಿಗೆ ಹೋದ. ದಾರಿಯುದ್ದಕ್ಕೂ ಘಮಘಮ! ಡೈರಿಯವರು ಕ್ಯಾನು ಮೂಸಿ, ಹಾಲನ್ನು ವಾಪಸ್ ಕಳಿಸಿದರು.

ಬಿಎಸ್ಸಿ ಓದಿದ ನಾನು ಸುಮ್ಮನಿರುತ್ತೇನೆಯೇ?

"ಚಿಕ್ಕಪ್ಪಾ, ಅದು ನೀರಾವಿ. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತೆ. ಚಳಿಗೆ ಬೆಳ್ಳಗೆ ಕಾಣುತ್ತೆ, ಅಷ್ಟೇ."

"ಪೆಟ್ರೋಲ್‌ನಾಗೆ ನೀರಾ? ಬಂಕ್‌ನೋನು ಮೋಸ ಮಾಡವ್ನೆ ಅನ್ನು!"

"ನಿನ್ನ ಬಾಯಿಂದ್ಲೂ ಬರ್ತಾ ಇದೆ, ನೋಡು."

ಅವನು ತಟ್ಟನೆ ಮಫ್ಲರ್ ಬಾಯಿಗೆ ಎಳೆದುಕೊಂಡ. "ಅದ್ಕೇ ಏಳಿದ್ದು. ನಂಗೂ ನೆಗಡಿ ಐತೆ."

ಕಳೆದ ಜನವರಿಯ ಒಂದು ಬೆಳಗ್ಗೆ ಕರೆಂಟು ಹೋಯಿತು. ಕೊಟ್ಟಿಗೆಯಲ್ಲಿ ಚಿಕ್ಕಮ್ಮನ ಹಾಲು ಕರೆಯುವ ಮಿಷನ್ ನಿಂತಿತು. ಅಂಗಳದಲ್ಲಿ ಜನರೇಟರ್ ಶುರು ಮಾಡಿದರೆ ಬುಸುಬುಸು ಬಿಳಿ ಹೊಗೆ! ಚಿಕ್ಕಪ್ಪನ ಕರುಳು ಚುರುಕ್ಕೆಂದಿತು. ಅದನ್ನು ಮೇವಿನ ಕೋಣೆಗೆ ಎಳೆದೊಯ್ದು, ಬಾಗಿಲು ಹಾಕಿ, ಸಂದಿಗೆಲ್ಲ ಗೋಣಿ ತುರುಕಿ ಪಕ್ಕದಲ್ಲೇ ಕೂತ. ಕಾಯಿಲೆಯವರನ್ನು ಒಂಟಿಯಾಗಿ ಬಿಡುವುದುಂಟೇ?

ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದ: "ಏನಮ್ಮಾ ಕಾಲೇಜು! ಒಗೆ ನಿಂತೋಯ್ತು ಕಣಮ್ಮಾ! ಬೆಚ್ಚಗಿದ್ರೆ ನೆಗಡಿ ಓಗ್ತದೆ ಅಂತ ಏಳ್ಲಿಲ್ವಾ?"

ಕಾಫಿ ಕಾಯಿಸುತ್ತಿದ್ದ ನಾನು ನಕ್ಕೆ. ಹೌದು, ನಕ್ಕೆ. ಕಣ್ಣಿಗೆ ಕಾಣುವ ನೀರಾವಿಯ ಬಗ್ಗೆ ಅಷ್ಟೆಲ್ಲ ಪಾಠ ಮಾಡಿದವಳು, ಅದರ ಜೊತೆಗೇ ಬರುವ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಲೋಟ ಹಿಡಿದು ಹೋಗಿ ಬಾಗಿಲು ತಟ್ಟಿದೆ. ಮತ್ತೆ ತಟ್ಟಿ ಕೂಗಿದೆ. ಇಂಜಿನ್ ಮಾತ್ರ ಬಹಳ ಆರೋಗ್ಯವಾಗಿ ಓಡುತ್ತಿತ್ತು.

ಬಾಗಿಲು ಒದ್ದು, ಉಸಿರು ಬಿಗಿಹಿಡಿದು, ಅವನ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದುಕೊಂಡು ಬಂದೆ. ಮಫ್ಲರ್ ಕಿತ್ತೆಸೆದೆ. ಬಾಯಿ ಅರ್ಧ ತೆರೆದಿತ್ತು. ಅಂಥ ಚಳಿಯಲ್ಲೂ ಅಲ್ಲಿ ಉಸಿರಿನ ಆವಿ ಕಾಣಲಿಲ್ಲ. ಕಾದೆ. ಆಮೇಲೆ ತುಟಿಯ ಮೇಲೆ ನೂಲಿನೆಳೆಯಷ್ಟು ಬಿಳುಪು. ಸ್ವಲ್ಪ ತಡೆದು ಇನ್ನೊಂದು ಎಳೆ.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಅವನು ಮೊದಲು ಕೇಳಿದ್ದು, "ಜನರೇಟರ್ ಎಂಗೈತೆ?"

"ಚೆನ್ನಾಗಿದೆ. ಇನ್ಮೇಲೆ ಅದು ಅಂಗಳದಲ್ಲೇ ಇರುತ್ತೆ."

"ಪಾಪ," ಅಂದ.

ಈಗ ಅದು ಅಂಗಳದಲ್ಲೇ ಓಡುತ್ತದೆ. ಚಿಕ್ಕಪ್ಪ ದೂರ ನಿಂತು ಅದರ ಹೊಗೆ ನೋಡಿ ಕೊರಗುತ್ತಾನೆ. ನಾನು ಇಂಜಿನ್ನಿನ ಕಡೆ ನೋಡುವುದೇ ಇಲ್ಲ. ಅವನ ಮಫ್ಲರನ್ನು ಗದ್ದಕ್ಕೆ ಇಳಿಸಿ, "ಏನಾದ್ರೂ ಮಾತಾಡು ಚಿಕ್ಕಪ್ಪಾ," ಅನ್ನುತ್ತೇನೆ.

"ಬೆಳಬೆಳಗ್ಗೆ ಏನ್ ಮಾತಾಡ್ಲಮ್ಮಾ, ಚಳಿ ಒಡೀತದೆ!" ಎಂದು ಬೈಯುತ್ತಾನೆ, ಬಾಯ್ತುಂಬ ಬಿಳಿ ಹೊಗೆ ಬಿಡುತ್ತಾ.

ಬೈಯಲಿ.